ಮುಂಬೈ ಕಲೀನಾದ ಎರಡನೇ ಮಹಡಿಯಲ್ಲಿ ಜೂಡಿತ್: ಹಳೆ ಎಣ್ಣೆ ಚಿತ್ರವನ್ನು ನಕಲು ಮಾಡುವ ಬಗೆ

ಕೆಳಮಹಡಿಯ ಬಾಯಿ (ಕ್ರೈಸ್ತ ಹೆಂಗಸರನ್ನು ನಮ್ಮ ಕಡೆ ಹಾಗೆ ಕರೆಯುವುದು) ಜೂನ್ ತಿಂಗಳಲ್ಲಿ ಒಂದು ದಿನ ನನ್ನನ್ನು ಮೆಟ್ಟಿಲ ಹತ್ತಿರ ನಿಲ್ಲಿಸಿ, "ಆಚಾರ್ರೇ, ನಂಗೊಂದು ಪಟ ಮಾಡಿ ಕೊಡ್ಬೇಕು ನೀವು" ಅಂದರು. ಅವರದೇ ಮುಖದ ಚಿತ್ರ ಇರಬೇಕು ಅಂದುಕೊಂಡೆ. "ನನ್ನ ಮುಖ ಯಾಕೆ ಮಾರಾಯ್ರೇ? ನನ್ನ ಹೆಸರಿನವಳದ್ದು."

ಬಾಯಿಯ ಹೆಸರು ಜೂಡಿತ್. ಊರು ಮಂಗಳೂರು ಕಡೆ. ಮುಂಬೈಯಲ್ಲಿ 35 ವರ್ಷ ನರ್ಸ್ ಆಗಿದ್ದವರು. ಕ್ರಿಸ್‌ಮಸ್ ಹೊತ್ತಿಗೆ ಅವರಿಗೆ 75 ತುಂಬುವುದಿತ್ತು. ನಾನು ಕಾರ್ಕಳದವನು. 1983ರಲ್ಲಿ ಇಲ್ಲಿಗೆ ಬಂದು ಸಿನಿಮಾ ಬ್ಯಾನರ್ ಬರೆಯುತ್ತಿದ್ದೆ. ಫ್ಲೆಕ್ಸ್ ಬಂದ ಮೇಲೆ ಆ ಕೆಲಸ ಹೋಯಿತು. ಈಗ ಹೋಟೆಲ್ ಬೋರ್ಡು, ದೇವರ ಪಟ, ಹೀಗೆ ಬಂದದ್ದು ಮಾಡುತ್ತೇನೆ. ಐನೂರು ವರ್ಷ ಹಳೆಯ ಇಟಲಿಯ ಚಿತ್ರ ನಕಲು ಮಾಡಿದ್ದು ಇದೇ ಮೊದಲು. ಒಂದು ಕ್ಯಾನ್ವಾಸ್ ಹಾಳು ಮಾಡಿದೆ, ಎರಡನೆಯದು ಬಂತು. ಮುಂಬೈ, ಉಡುಪಿ, ಕಾರವಾರದಂಥ ತೇವದ ಊರಲ್ಲಿ ಕೂತು ಯಾರಿಗಾದರೂ ಇಂಥದ್ದು ಮಾಡುವ ಮನಸ್ಸಿದ್ದರೆ ಇದು ಉಪಯೋಗಕ್ಕೆ ಬರಬಹುದು.

ಮೊದಲು ಬೈಬಲ್‌ನ ಜೂಡಿತ್‌ಳ ಕಥೆ ಗೊತ್ತಿರಬೇಕು. ಕಥೆ ಗೊತ್ತಿಲ್ಲದೆ ಮುಖ ಬರೆಯಲಿಕ್ಕೆ ಆಗುವುದಿಲ್ಲ. ಅಸ್ಸೀರಿಯದ ಸೇನಾಪತಿ ಹೊಲೊಫರ್ನೆಸ್ ಬೆತೂಲಿಯಾ ಅನ್ನುವ ಊರಿಗೆ ಮುತ್ತಿಗೆ ಹಾಕಿ ನೀರು ನಿಲ್ಲಿಸುತ್ತಾನೆ. ಊರಿನ ಹಿರಿಯರು, ಇನ್ನು ಐದು ದಿನ ನೋಡಿ ಶರಣಾಗೋಣ ಅನ್ನುತ್ತಾರೆ. ಜೂಡಿತ್ ಅನ್ನುವ ವಿಧವೆ ಅವರನ್ನು ಬೈದು, ಚೆನ್ನಾಗಿ ಅಲಂಕಾರ ಮಾಡಿಕೊಂಡು, ಕೆಲಸದವಳ ಜೊತೆ ಶತ್ರುವಿನ ಡೇರೆಗೆ ಹೋಗುತ್ತಾಳೆ. ತಿನ್ನುವುದಕ್ಕೆ ಚೀಲದಲ್ಲಿ ತನ್ನದೇ ಬುತ್ತಿ. ನಾಲ್ಕನೇ ದಿನ ಔತಣ. ಅವನು ಕುಡಿದು ಬಿದ್ದಾಗ ಅವನದೇ ಕತ್ತಿಯಲ್ಲಿ ಎರಡು ಏಟು. ತಲೆ ಬುತ್ತಿ ಚೀಲಕ್ಕೆ. ಕ್ಯಾಥೋಲಿಕರ ಬೈಬಲ್‌ನಲ್ಲಿ ಈ ಪುಸ್ತಕ ಇದೆ, ಪ್ರಾಟೆಸ್ಟೆಂಟರು ಇದನ್ನು ಬೈಬಲ್‌ನಿಂದ ಹೊರಗೆ ಬೇರೆ ಇಡುತ್ತಾರೆ. ನನ್ನ ಹೆಂಡತಿಗೆ ಹೇಳಿದಾಗ, "ಅಂದ್ರೆ ನಮ್ಮ ಓಬವ್ವ" ಅಂದಳು. ಪೂರ್ತಿ ಅಲ್ಲ. ಓಬವ್ವ ಕೈಗೆ ಸಿಕ್ಕ ಒನಕೆ ಎತ್ತಿದವಳು. ಇವಳು ನಾಲ್ಕು ದಿನ ಶತ್ರುವಿನ ಮಧ್ಯೆ ನಗುತ್ತಾ ಕೂತವಳು. ಮುಖ ಬರೆಯುವಾಗ ಈ ವ್ಯತ್ಯಾಸ ಬೇಕಾಗುತ್ತದೆ.

ಆಮೇಲೆ ಯಾವ ಚಿತ್ರ ಅನ್ನುವುದು. ಜೂಡಿತ್‌ಳನ್ನು ಬರೆಯದವರೇ ಇಲ್ಲ ಅನ್ನಬಹುದು. ಬಾಯಿಗೆ ಮೊಬೈಲ್‌ನಲ್ಲಿ ತೋರಿಸಿದೆ. ಸುಮಾರು 1599ರಲ್ಲಿ ಕಾರವಾಜ್ಜೋ ಬರೆದದ್ದರಲ್ಲಿ ಕುತ್ತಿಗೆಯಿಂದ ರಕ್ತ ಚಿಮ್ಮುತ್ತದೆ. "ಇದು ಬೇಡ, ಆಪರೇಷನ್ ಥಿಯೇಟರ್ ನೋಡಿ ಸಾಕಾಗಿದೆ." ಜರ್ಮನಿಯ ಕ್ರಾನಾಖ್ 1530ರ ಸುಮಾರಿಗೆ ಬರೆದ ಜೂಡಿತ್‌ಗಳು ದೊಡ್ಡ ಟೋಪಿ ಹಾಕಿಕೊಂಡ ಸಾಹುಕಾರ್ತಿಯರು. "ಇವಳಿಗೆ ಜಂಬ." ಕೊನೆಗೆ ವೆನಿಸ್‌ನ ಜಾರ್ಜೋನೆ ಬರೆದದ್ದು ತೋರಿಸಿದೆ. ಬಾಯಿ ಕನ್ನಡಕ ಸರಿಮಾಡಿಕೊಂಡು ತುಂಬಾ ಹೊತ್ತು ನೋಡಿದರು. "ಇವಳು ಕೆಲಸ ಮುಗಿಸಿ, ಕೈ ತೊಳೆದು ಬಂದ ಹಾಗಿದ್ದಾಳೆ. ಇದೇ ಆಗಲಿ."

ಅದು ಸುಮಾರು 1504ರ ಚಿತ್ರ. ಈಗ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನ ಹರ್ಮಿಟೇಜ್ ಮ್ಯೂಸಿಯಂನಲ್ಲಿದೆ. ರಾಣಿ ಕ್ಯಾಥರೀನ್ 1772ರಲ್ಲಿ ಪ್ಯಾರಿಸ್‌ನ ಕ್ರೋಜಾ ಅನ್ನುವವರ ಚಿತ್ರ ಸಂಗ್ರಹ ಕೊಂಡಾಗ ಅದರ ಜೊತೆ ಬಂದದ್ದು. ಆಗ ಎಲ್ಲರೂ ಅದನ್ನು ರಾಫೆಲ್ ಬರೆದದ್ದು ಅಂದುಕೊಂಡಿದ್ದರು. ಮೊದಲು ಮರದ ಹಲಗೆಯ ಮೇಲಿತ್ತು, ಆಮೇಲೆ ಬಣ್ಣವನ್ನು ಹಲಗೆಯಿಂದ ಬಿಡಿಸಿ ಕ್ಯಾನ್ವಾಸ್‌ಗೆ ಹಾಕಿದ್ದಾರೆ. ಬಡಗಿಯ ಮಗ ನಾನು, ಅದನ್ನು ಹೇಗೆ ಮಾಡಿದರೋ ಅಂತ ಯೋಚಿಸಿದರೆ ಈಗಲೂ ಎದೆ ಝಲ್ ಅನ್ನುತ್ತದೆ. ಚಿತ್ರ ಕಪಾಟಿನ ಬಾಗಿಲಿನ ಹಾಗೆ ನೀಳ. ಜೂಡಿತ್ ಒಂದು ಗಿಡ್ಡ ಗೋಡೆಯ ಮುಂದೆ ನಿಂತಿದ್ದಾಳೆ, ಪಕ್ಕದಲ್ಲಿ ದಪ್ಪ ಮರ, ಹಿಂದೆ ದೂರದಲ್ಲಿ ನೀಲಿ. ಬಲಗೈಯಲ್ಲಿ ಉದ್ದ ಕತ್ತಿ, ತುದಿ ಕೆಳಗೆ. ಗುಲಾಬಿ ಬಟ್ಟೆಯ ಸೀಳಿನಿಂದ ಎಡಗಾಲು ಹೊರಗೆ ಬಂದು ಹೊಲೊಫರ್ನೆಸ್‌ನ ತಲೆಯ ಮೇಲಿದೆ. ಕರಾವಳಿಯವರಿಗೆ ಇದು ಹೊಸದಲ್ಲ. ಮಹಿಷಮರ್ದಿನಿ ಕೋಣನ ತಲೆಯ ಮೇಲೆ ಕಾಲಿಟ್ಟದ್ದನ್ನು ನೋಡಿಯೇ ಬೆಳೆದವರು ನಾವು. ಆದರೆ ದೇವಿಯ ಪಾದದಲ್ಲಿ ಭಾರ ಇದೆ, ಇವಳದರಲ್ಲಿ ಇಲ್ಲ. ಮನೆ ಮುಂದಿನ ಮೆಟ್ಟಿಲ ಮೇಲೆ ಸುಮ್ನೆ ಕಾಲಿಟ್ಟ ಹಾಗೆ.

ಬ್ರಷ್ ಹಿಡಿಯುವ ಮೊದಲು ಒಂದು ದಿನ ಖರ್ಚು ಮಾಡಿ. ಸಾಂತಾಕ್ರೂಜ್‌ನಿಂದ ಲೋಕಲ್ ಹಿಡಿದು ಚರ್ಚ್‌ಗೇಟ್‌ಗೆ, ಅಲ್ಲಿಂದ ಕಾಲಾ ಘೋಡಾಕ್ಕೆ ಹೋದೆ. ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯದಲ್ಲಿ ಟಾಟಾ ಮನೆಯವರು ಕೊಟ್ಟ ಹಳೆ ಯುರೋಪಿನ ಎಣ್ಣೆ ಚಿತ್ರಗಳಿವೆ. ಜಾರ್ಜೋನೆ ಅಲ್ಲಿ ಸಿಗುವುದಿಲ್ಲ. ಆದರೆ ಎಣ್ಣೆ ಬಣ್ಣ ಪದರ ಪದರವಾಗಿ ಹೇಗೆ ಕೂರುತ್ತದೆ ಅನ್ನುವುದು ಮೊಬೈಲ್‌ನಲ್ಲಿ ಕಾಣುವುದಿಲ್ಲ. ಪಕ್ಕಕ್ಕೆ ನಿಂತು, ಬೆಳಕು ಅಡ್ಡ ಬೀಳುವ ಹಾಗೆ ನೋಡಿ. ಬೆಳಕಿನ ಜಾಗದಲ್ಲಿ ಬಣ್ಣ ದಪ್ಪ, ನೆರಳಿನಲ್ಲಿ ತೆಳು. ನಾನು ಮೂವತ್ತು ವರ್ಷ ಬ್ಯಾನರ್‌ನಲ್ಲಿ ಇದಕ್ಕೆ ಉಲ್ಟಾ ಮಾಡಿದ್ದೆ, ನೆರಳಿಗೇ ಕಪ್ಪು ಬಳಿಯುತ್ತಿದ್ದೆ.

ಇನ್ನು ಅಳತೆ. ಮೂಲ ಚಿತ್ರ 144 ಸೆಂಟಿಮೀಟರ್ ಎತ್ತರ, ಅಗಲ ಅದರ ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಬಾಯಿಯ ಹಾಲ್‌ನ ಗೋಡೆಗೆ ಅಷ್ಟು ದೊಡ್ಡದು ಹಿಡಿಯುವುದಿಲ್ಲ. 30 ಇಂಚು ಎತ್ತರ, 14 ಇಂಚು ಅಗಲ ಮಾಡಿದೆ. ಈ ಅಳತೆಯ ರೆಡಿ ಕ್ಯಾನ್ವಾಸ್ ಸಿಗಲಿಲ್ಲ, ಮರದ ಚೌಕಟ್ಟು ನಾನೇ ಮಾಡಿ ಬಟ್ಟೆ ಎಳೆದು ಹೊಡೆದೆ. ನಿಮಗೆ ಬಡಗಿ ಕೆಲಸ ಬರದಿದ್ದರೆ ಜೆ.ಜೆ. ಸ್ಕೂಲ್ ಆಫ್ ಆರ್ಟ್ ಸುತ್ತಮುತ್ತಲಿನ ಅಂಗಡಿಗಳಲ್ಲಿ ಹೇಳಿ ಮಾಡಿಸಿ. ನಮ್ಮ ಉಡುಪಿ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು ಕಲಿತು, ಕಲಿಸಿದ ಸ್ಕೂಲು ಅದು. ಆ ಕಡೆ ಹೋದಾಗೆಲ್ಲ ಒಂದು ಸಲ ಗೇಟಿನ ಒಳಗೆ ಇಣುಕುತ್ತೇನೆ.

ಬಟ್ಟೆಯ ಮೇಲೆ ಜೆಸ್ಸೋ ಅನ್ನುವ ಬಿಳಿ ಲೇಪ ಮೂರು ಸಲ ಹಚ್ಚಿ. ಪ್ರತಿ ಸಲ ಒಣಗಿದ ಮೇಲೆ ನಯವಾದ ಪಾಲಿಶ್ ಪೇಪರ್‌ನಿಂದ ಉಜ್ಜಿ. ಮೂಲ ಹಲಗೆಯ ಮೇಲೆ ಬರೆದದ್ದಲ್ವಾ, ಬಟ್ಟೆಯ ನೇಯ್ಗೆ ಜಾಸ್ತಿ ಎದ್ದು ಕಂಡರೆ ಮುಖ ಹಾಳಾಗುತ್ತದೆ. ಬ್ಯಾನರ್‌ಗೆ ಹಚ್ಚುತ್ತಿದ್ದ ಸಫೇದಾ ಮತ್ತು ಅಂಟಿನ ಲೇಪ ಇಲ್ಲಿ ಬೇಡ. ಅದು ಮೂರು ವಾರ ನಿಲ್ಲುವ ಸಿನಿಮಾಕ್ಕೆ ಸಾಕು.

ಚಿತ್ರ ಇಳಿಸುವುದಕ್ಕೆ ಮಾತ್ರ ಬ್ಯಾನರ್ ವಿದ್ಯೆಯೇ ಸರಿ: ಚೌಕ ಹಾಕುವುದು. 15 ಇಂಚು ಎತ್ತರ, 7 ಇಂಚು ಅಗಲಕ್ಕೆ ಎರಡು ಪ್ರಿಂಟ್ ತೆಗೆಸಿ, ಒಂದು ಬಣ್ಣದ್ದು, ಒಂದು ಕಪ್ಪು ಬಿಳುಪು. ಪ್ರಿಂಟ್ ಮೇಲೆ ಒಂದು ಇಂಚಿನ ಚೌಕ, ಕ್ಯಾನ್ವಾಸ್ ಮೇಲೆ ಎರಡು ಇಂಚಿನ ಚೌಕ. ಎರಡರಲ್ಲೂ 105 ಚೌಕ ಬರುತ್ತದೆ, ಎಣಿಸಿ ನೋಡಿ. ಒಂದೊಂದು ಚೌಕದಲ್ಲಿ ಗೆರೆ ಎಲ್ಲಿ ಒಳಗೆ ಬರುತ್ತದೆ, ಎಲ್ಲಿ ಹೊರಗೆ ಹೋಗುತ್ತದೆ ಅನ್ನುವುದನ್ನಷ್ಟೇ ನೋಡಿ ಇದ್ದಿಲಿನಲ್ಲಿ ಬರೆಯಿರಿ. ಇದು ಕಾಲು, ಇದು ಕತ್ತಿ ಅಂತ ಯೋಚಿಸಬೇಡಿ. ಮುಖದ ಚೌಕಗಳನ್ನು ಮಾತ್ರ ಮತ್ತೆ ನಾಲ್ಕು ನಾಲ್ಕು ಮಾಡಿಕೊಳ್ಳಿ. ಬ್ಯಾನರ್‌ನಲ್ಲಿ ಹೀರೋನ ಒಂದು ಕಣ್ಣೇ ಎರಡು ಅಡಿ ಇರುತ್ತಿತ್ತು. ಇಲ್ಲಿ ಇಡೀ ಮುಖ ಎರಡೂವರೆ ಇಂಚು. ಮೊದಲ ದಿನ ನನಗೆ ಕೈ ನಡುಗಿತು, ಸುಳ್ಳು ಹೇಳುವುದಿಲ್ಲ.

ಬಣ್ಣದ ವಿಷಯ. ಕ್ಯಾಮೆಲ್‌ನ ಆರ್ಟಿಸ್ಟ್ ಎಣ್ಣೆ ಬಣ್ಣ ಸಾಕು. ಟೈಟಾನಿಯಂ ವೈಟ್, ಯೆಲ್ಲೋ ಓಕರ್, ವರ್ಮಿಲಿಯನ್, ಕ್ರಿಮ್ಸನ್ ಲೇಕ್, ಬರ್ನ್ಟ್ ಅಂಬರ್, ರಾ ಅಂಬರ್, ಅಲ್ಟ್ರಾಮರೀನ್, ಟೆರ್ ವರ್ಟ್ ಅನ್ನುವ ಮಣ್ಣು ಹಸಿರು. ಕಪ್ಪು ಕೊಳ್ಳಲೇಬೇಡಿ, ಕೊಂಡರೆ ಬಳಸುತ್ತೀರಿ. ಜಾರ್ಜೋನೆ ಕಾಲದವರು ಬಿಳಿಗೆ ಸೀಸದ ಬಿಳಿ ಬಳಸುತ್ತಿದ್ದರು. ಅದು ವಿಷ, ನಮಗೆ ಬೇಡ. ಒಳ್ಳೆಯ ನೀಲಿ ಅಫ್ಘಾನಿಸ್ತಾನದ ಗಣಿಯ ಕಲ್ಲನ್ನು ಅರೆದು ಬರುತ್ತಿತ್ತು. ಇನ್ನೊಂದು ವಿಷಯ ಗೊತ್ತಾದಾಗ ನನಗೆ ಖುಷಿಯಾಯಿತು. ಟ್ಯೂಬಿನ ಮೇಲೆ ಲೇಕ್ ಅಂತ ಬರೆದಿರುತ್ತದಲ್ಲ, ಅದು ಕೆರೆ ಅಲ್ಲ, ಲಾಖ್. ಅಂದರೆ ನಮ್ಮ ಅರಗು. ಚನ್ನಪಟ್ಟಣದ ಗೊಂಬೆಗೆ ಹಚ್ಚುವ ಅರಗೇ. ಅರಗಿನ ಹುಳದಿಂದ ತೆಗೆದ ಕೆಂಪು ನಮ್ಮ ಕಡೆಯಿಂದ ಹಡಗಿನಲ್ಲಿ ವೆನಿಸ್‌ಗೆ ಹೋಗುತ್ತಿತ್ತು, ಅಲ್ಲಿನ ಚಿತ್ರಕಾರರು ಅದನ್ನು ಬಟ್ಟೆಯ ಕೆಂಪಿಗೆ ಬಳಸುತ್ತಿದ್ದರು.

ಎಣ್ಣೆ ಅಂದರೆ ಅಗಸೆ ಎಣ್ಣೆ. ಹಾರ್ಡ್‌ವೇರ್ ಅಂಗಡಿಯ ಬಾಗಿಲಿಗೆ ಹಚ್ಚುವ ಕುದಿಸಿದ ಎಣ್ಣೆ ಅಲ್ಲ, ಅದು ಬೇಗ ಹಳದಿಯಾಗುತ್ತದೆ. ಚಿತ್ರದ ಅಂಗಡಿಯಲ್ಲೇ ಕೊಳ್ಳಿ. ಜೊತೆಗೆ ಟರ್ಪೆಂಟೈನ್. ಕಿಟಕಿ ತೆರೆದಿರಲಿ. ಮತ್ತೊಂದು ಮಾತು, ದಯವಿಟ್ಟು ಹಗುರ ಮಾಡಬೇಡಿ: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಅದು ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಬೆಂಕಿಕಡ್ಡಿ ಬೇಕಾಗಿಲ್ಲ. ನೀರಲ್ಲಿ ಅದ್ದಿ, ಬಿಡಿಸಿ, ಹೊರಗೆ ಹರವಿ ಒಣಗಿಸಿ. ನಮ್ಮಂಥ ಒಂದಕ್ಕೊಂದು ಅಂಟಿದ ಖೋಲಿಗಳಲ್ಲಿ ಇದು ನೆನಪಿರಬೇಕು.

ಈಗ ನಾನು ಕೆಟ್ಟದ್ದು ಎಲ್ಲಿ ಅಂತ ಹೇಳುತ್ತೇನೆ. ಮೊದಲ ಕ್ಯಾನ್ವಾಸ್ ಜುಲೈಯಲ್ಲಿ ಶುರು ಮಾಡಿದೆ. ಹೊರಗೆ ಮಳೆ, ಒಳಗೆ ಗೋಡೆಯೇ ಬೆವರುತ್ತಿತ್ತು. ಎಣ್ಣೆ ಬಣ್ಣ ನೀರಿನ ಹಾಗೆ ಆರಿ ಒಣಗುವುದಲ್ಲ. ಎಣ್ಣೆ ಗಾಳಿಯಿಂದ ಆಮ್ಲಜನಕ ಹೀರಿಕೊಂಡು ಗಟ್ಟಿಯಾಗುತ್ತದೆ. ತೇವ, ಕತ್ತಲು ಎರಡೂ ಇದ್ದರೆ ಅದು ನಿಧಾನ. ನಾನು ಅವಸರ ಮಾಡಿ, ಇನ್ನೂ ಅಂಟಂಟು ಇದ್ದ ಹಿನ್ನೆಲೆಯ ಮೇಲೆ ಟರ್ಪೆಂಟೈನ್ ಜಾಸ್ತಿ ಹಾಕಿದ ತೆಳು ಬಣ್ಣ ಎಳೆದೆ. ಮೇಲಿನದು ಮೊದಲು ಒಣಗಿತು, ಕೆಳಗಿನದು ಆಮೇಲೆ ಒಣಗಿ ಎಳೆಯಿತು. ಸೆಪ್ಟೆಂಬರ್‌ಗೆ ಆಕಾಶದ ತುಂಬ ಬಿರುಕು. ಹಿಂಬದಿಯಲ್ಲಿ ಬೂಷ್ಟು ಬೇರೆ. ಬಿಚ್ಚಿ ಪಕ್ಕಕ್ಕಿಟ್ಟೆ.

ಹಾಗಾಗಿ ನಿಯಮ ಒಂದೇ. ಕೆಳಗೆ ಒಣಕಲು, ಮೇಲೆ ಜಿಡ್ಡು. ಮೊದಲ ಪದರಕ್ಕೆ ಬರೀ ಟರ್ಪೆಂಟೈನ್. ಎರಡನೆಯದಕ್ಕೆ ಎರಡು ಪಾಲು ಟರ್ಪೆಂಟೈನ್, ಒಂದು ಪಾಲು ಎಣ್ಣೆ. ಮೂರನೆಯದಕ್ಕೆ ಸಮಸಮ. ಕೊನೆಯ ತೆಳು ಬಣ್ಣಕ್ಕೆ ಎಣ್ಣೆ ಜಾಸ್ತಿ. ಮಧ್ಯೆ ಕಾಯುವುದು. ಉಗುರಿನಿಂದ ಮೂಲೆಯಲ್ಲಿ ಒತ್ತಿ ನೋಡಿ, ಗುರುತು ಬಿದ್ದರೆ ಇನ್ನೂ ಕಾಯಿರಿ. ಅಕ್ಟೋಬರ್‌ನಲ್ಲಿ ಶುರು ಮಾಡಿದರೆ ಮುಂಬೈಯಲ್ಲಿ ಒಳ್ಳೆಯದು. ನಮ್ಮನ್ನು ಸುಡುವ ಆ ಬಿಸಿಲು ಚಿತ್ರಕ್ಕೆ ಅನುಕೂಲ.

ಎರಡನೇ ಕ್ಯಾನ್ವಾಸ್‌ಗೆ ಮೊದಲು ರಾ ಅಂಬರ್ ಅನ್ನು ಚಹಾದಷ್ಟು ತೆಳು ಮಾಡಿ ಇಡೀ ಬಟ್ಟೆಗೆ ಬಳಿದೆ. ಬಿಳಿ ಬಟ್ಟೆಯ ಮೇಲೆ ಬೆಳಕು ಯಾವುದು ಅಂತಲೇ ಗೊತ್ತಾಗುವುದಿಲ್ಲ, ಕಂದು ಮೇಲೆ ಗೊತ್ತಾಗುತ್ತದೆ. ಆಮೇಲೆ ಬರ್ನ್ಟ್ ಅಂಬರ್ ಮತ್ತು ಬಿಳಿ ಎರಡೇ ಇಟ್ಟುಕೊಂಡು ಪೂರ್ತಿ ಚಿತ್ರ ಬರೆದೆ. ಕಪ್ಪು ಬಿಳುಪು ಪ್ರಿಂಟ್ ಇದಕ್ಕೇ ಬೇಕಾದ್ದು. ಅಂಬರ್‌ನಲ್ಲಿ ಮ್ಯಾಂಗನೀಸ್ ಇರುವುದರಿಂದ ಬೇಗ ಒಣಗುತ್ತದೆ. ಈ ಹಂತದಲ್ಲಿ ಚಿತ್ರ ಹಳೆ ಫೋಟೋದ ಹಾಗೆ ಸರಿಯಾಗಿ ಕಾಣಬೇಕು. ಕಾಣದಿದ್ದರೆ ಬಣ್ಣ ಹಾಕಿ ಸರಿಮಾಡುತ್ತೇನೆ ಅನ್ನುವುದು ಭ್ರಮೆ.

ಹಿಂದಿನ ದೂರದ ನೀಲಿ ಸುಲಭ. ಅಲ್ಟ್ರಾಮರೀನ್, ಬಿಳಿ, ಚೂರು ಓಕರ್. ದೂರ ಹೋದಷ್ಟೂ ಬಿಳಿ ಜಾಸ್ತಿ, ಗೆರೆ ಕಡಿಮೆ. ಮುಂದಿನ ಹುಲ್ಲು, ಹೂವು ಸಣ್ಣ ಬ್ರಷ್‌ನಲ್ಲಿ ಒಂದೊಂದೇ. ತಾಳ್ಮೆ ಇದ್ದರೆ ಆಯಿತು.

ಜೂಡಿತ್ ಉಟ್ಟ ಬಟ್ಟೆಗೆ ಬನ್ನಿ. ಗುಲಾಬಿ ಬಣ್ಣ ಕಲಸಿ ಹಚ್ಚಿದರೆ ಅದು ಪೌಡರ್ ಡಬ್ಬಿಯ ಗುಲಾಬಿ ಆಗುತ್ತದೆ. ಮೊದಲು ಮಡಿಕೆಗಳನ್ನೆಲ್ಲ ಬಿಳಿ, ಓಕರ್, ಚೂರು ವರ್ಮಿಲಿಯನ್ ಸೇರಿಸಿ ಮಾಸಲು ಬಣ್ಣದಲ್ಲಿ ಪೂರ್ತಿ ಬರೆಯಿರಿ. ಬೆಳಕಿನಲ್ಲಿ ದಪ್ಪ ಇರಲಿ. ಚೆನ್ನಾಗಿ ಒಣಗಿದ ಮೇಲೆ ಕ್ರಿಮ್ಸನ್ ಲೇಕ್ ಅನ್ನು ಎಣ್ಣೆಯಲ್ಲಿ ತೆಳು ಮಾಡಿ ಮೇಲೆ ಎಳೆಯಿರಿ. ಬಣ್ಣದ ಗಾಜಿನ ಹಾಗೆ ಕೂರಬೇಕು. ಬೆಳಕು ಆ ಕೆಂಪಿನ ಒಳಗೆ ಹೋಗಿ, ಕೆಳಗಿನ ಬಿಳಿಗೆ ತಾಗಿ ವಾಪಸ್ ಬರುತ್ತದೆ. ಮೊದಲ ಸಲ ಹಚ್ಚಿದಾಗ ಏನೂ ಆಗಲಿಲ್ಲ ಅನ್ನಿಸಿತು. ಮೂರನೇ ಸಲಕ್ಕೆ ರೇಷ್ಮೆ ಎದ್ದು ಬಂತು. ಹೆಂಡತಿ ಅಡುಗೆಮನೆಯಿಂದ ಬಂದು, "ಇಳಕಲ್ ಸೀರೆ ಇದ್ದ ಹಾಗಿದೆ" ಅಂದಳು. ನನ್ನ ಸರ್ಟಿಫಿಕೇಟ್ ಅದೇ.

ಕಾಲಿನ ಬಗ್ಗೆ ಒಂದು ಮಾತು. ಬಾಯಿಯ ಮಗ ನೋಡಿ, "ಅಂಕಲ್, ಇದನ್ನು ಸ್ವಲ್ಪ ಮುಚ್ಚಬಹುದಲ್ಲ, ಅಲ್ತಾರ್ ಪಕ್ಕ ಹಾಕುವುದು" ಅಂದ. ಅಲ್ತಾರ್ ಅಂದರೆ ಅವರ ಮನೆಯ ದೇವರ ಪೀಠ. ಬಾಯಿ ಬಿಡಲಿಲ್ಲ. "ಅವಳು ಹೋದದ್ದೇ ಅವನನ್ನು ಮರುಳು ಮಾಡ್ಲಿಕ್ಕೆ. ಕಾಲು ಮುಚ್ಚಿದ್ರೆ ಅವನು ಕುಡಿದು ಬೀಳ್ತಿದ್ನಾ?" ನಕಲು ಮಾಡುವವರಿಗೆ ನನ್ನದೂ ಅದೇ ಮಾತು. ಇದ್ದದ್ದನ್ನು ಬರೆಯಿರಿ.

ಮುಖಕ್ಕೆ ಹನ್ನೊಂದು ದಿನ ಹಿಡಿಯಿತು. ಚರ್ಮಕ್ಕೆ ಬಿಳಿ, ಓಕರ್, ವರ್ಮಿಲಿಯನ್. ನೆರಳಿಗೆ ಕಂದು ಅಲ್ಲ, ಮಣ್ಣು ಹಸಿರು ಚೂರು. ಅದರ ಮೇಲೆ ಬೆಚ್ಚಗಿನ ಬಣ್ಣ ತೆಳುವಾಗಿ ಬಂದರೆ ಚರ್ಮದ ಕೆಳಗೆ ರಕ್ತ ಇದೆ ಅನ್ನಿಸುತ್ತದೆ. ಬ್ಯಾನರ್‌ನ ಅಭ್ಯಾಸ ನನಗೆ ಇಲ್ಲೇ ಅಡ್ಡ ಬಂದದ್ದು. ಕೊಂದವಳು ಅಂದ ಕೂಡಲೇ ಕೈ ಹುಬ್ಬನ್ನು ಮೇಲೆ ಎಳೆಯಿತು, ಕಣ್ಣಿಗೆ ಕೆಂಪು ಅಂಚು ಕೊಟ್ಟಿತು. ಎರಡು ಸಲ ಒರೆಸಿದೆ. ಮೂಲದಲ್ಲಿ ಅವಳ ರೆಪ್ಪೆ ಕೆಳಗಿದೆ. ಕೆಳಗೆ ನೋಡುತ್ತಿದ್ದಾಳೆ ಅಷ್ಟೇ, ಕೋಪ ಇಲ್ಲ, ಗೆದ್ದ ನಗು ಕೂಡ ಇಲ್ಲ. ಹಾಗಾಗಿ ಗೆರೆ ಬರೆಯಬೇಡಿ. ಕೆನ್ನೆ ಎಲ್ಲಿ ಮುಗಿಯಿತು, ನೆರಳು ಎಲ್ಲಿ ಶುರುವಾಯಿತು ಅಂತ ಹೇಳಲಿಕ್ಕೆ ಆಗಬಾರದು. ಬಣ್ಣ ಹಸಿ ಇರುವಾಗಲೇ ಒಣ ಮೆತ್ತನೆ ಬ್ರಷ್‌ನಿಂದ ಅಂಚಿನ ಮೇಲೆ ಗಾಳಿ ಆಡಿದ ಹಾಗೆ ಆಡಿಸಿ. ಬ್ರಷ್ ಸಾಲದಿದ್ದರೆ ಕಿರುಬೆರಳು. ತುಟಿಯ ಎರಡು ಮೂಲೆ, ಕಣ್ಣಿನ ಹೊರ ಮೂಲೆ ಇವು ಮಸುಕಾಗಿರಲಿ. ಅಲ್ಲಿ ಗೆರೆ ಗಟ್ಟಿಯಾದರೆ ಅವಳು ಏನೋ ಹೇಳಲಿಕ್ಕೆ ಶುರು ಮಾಡುತ್ತಾಳೆ. ನನಗೆ ಬೇಕಾದದ್ದು ಅವಳು ಸುಮ್ಮನಿರುವುದು. ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಮುಖದ ಮೇಲೆ ಕೂರಬೇಡಿ, ಕಣ್ಣು ಮೋಸ ಮಾಡುತ್ತದೆ. ಕನ್ನಡಿಯಲ್ಲಿ ತಿರುಗಿಸಿ ನೋಡಿದರೆ ತಪ್ಪು ತಕ್ಷಣ ಕಾಣುತ್ತದೆ.

ಕೊನೆಗೆ ಉಳಿದದ್ದು ಕಾಲ ಕೆಳಗಿನ ತಲೆ. ಅದನ್ನು ನಾನು ಒಂದೇ ಸಂಜೆಯಲ್ಲಿ ಬರೆದುಬಿಟ್ಟೆ, ಕುತ್ತಿಗೆ ಹತ್ತಿರ ಒಳ್ಳೆ ಕೆಂಪು ಹಾಕಿ, ಕೆನ್ನೆಗೂ ಸ್ವಲ್ಪ ಕೆಂಪು. ಬಾಯಿ ಮೇಲೆ ಬಂದು ಕುರ್ಚಿ ಎಳೆದು ಕೂತು ನೋಡಿದರು.

"ಆಚಾರ್ರೇ, ಇವನು ಸತ್ತಿಲ್ಲ."

"ತಲೆ ಕಡಿದಿದೆಯಲ್ಲ ಬಾಯಿ?"

"ಕಡಿದಿದೆ. ಆದ್ರೆ ಕೆನ್ನೆಯಲ್ಲಿ ರಕ್ತ ಎಲ್ಲಿಂದ ಬಂತು? ಸತ್ತವರ ಮುಖ ಮೇಣದ ಹಾಗೆ ಆಗ್ತದೆ. ಹಳದಿ, ಬೂದಿ. ತುಟಿಯ ಬಣ್ಣವೇ ಹೋಗ್ತದೆ. ಮೂಗು ಚೂಪಾಗಿ ಕಾಣ್ತದೆ. ಮತ್ತೆ ನೋವು ಎಲ್ಲ ಇಳಿದು, ಮಲಗಿದ ಹಾಗೆ ಇರ್ತದೆ. ಎಷ್ಟು ಜನರ ಕಣ್ಣು ಮುಚ್ಚಿದ್ದೇನೆ ನಾನು."

ಪ್ರಿಂಟ್ ತೆಗೆದು ನೋಡಿದೆ. ಜಾರ್ಜೋನೆ ಅದನ್ನೇ ಬರೆದಿದ್ದ. ನಾನೇ ನೋಡಿರಲಿಲ್ಲ. ಕೆಂಪೆಲ್ಲ ಒರೆಸಿ, ಬಿಳಿ, ಓಕರ್, ಮಣ್ಣು ಹಸಿರು, ಚೂರು ಅಂಬರ್ ಇಷ್ಟರಲ್ಲೇ ಮತ್ತೆ ಬರೆದೆ. ವರ್ಮಿಲಿಯನ್ ಟ್ಯೂಬನ್ನು ಆ ದಿನ ಕಪಾಟಿನೊಳಗೆ ಇಟ್ಟುಬಿಟ್ಟೆ. ಪಾದದ ಬೆಚ್ಚಗಿನ ಬಣ್ಣ ಆ ತಣ್ಣನೆಯ ಹಣೆಯ ಮೇಲೆ ಬಂದಾಗ, ಯಾರು ಬದುಕಿದ್ದಾರೆ ಅನ್ನುವುದು ತಾನಾಗಿಯೇ ಗೊತ್ತಾಯಿತು. ನೀವು ಈ ಚಿತ್ರ ಮಾಡುವುದಾದರೆ ಪಾದ ಮತ್ತು ಹಣೆಯನ್ನು ಒಂದೇ ದಿನ, ಪಕ್ಕಪಕ್ಕ ಬಣ್ಣ ಕಲಸಿ ಬರೆಯಿರಿ. ಬೇರೆ ಬೇರೆ ದಿನ ಬರೆದರೆ ಈ ವ್ಯತ್ಯಾಸ ಕೈಗೆ ಸಿಗುವುದಿಲ್ಲ.

ಡಿಸೆಂಬರ್ 20ಕ್ಕೆ ಮುಗಿಯಿತು. ಫ್ರೇಮ್ ಹಾಕಿಸುವಾಗ ಗಾಜು ಬೇಡ ಅಂತ ಎರಡು ಸಲ ಹೇಳಿ. ಹಸಿ ಎಣ್ಣೆ ಬಣ್ಣ ಗಾಜಿಗೆ ಅಂಟಿಕೊಂಡರೆ ಮುಗಿಯಿತು ಕಥೆ. ಫ್ರೇಮಿನ ಹಿಂದೆ ನಾಲ್ಕು ಮೂಲೆಗೆ ಬಾಟಲಿ ಬಿರಡೆಯ ಚೂರು ಅಂಟಿಸಿ, ಗೋಡೆಗೂ ಚಿತ್ರಕ್ಕೂ ಮಧ್ಯೆ ಗಾಳಿ ಆಡಲಿ. ಮಳೆ ಬಡಿಯುವ ಹೊರಗೋಡೆಗೆ ನೇತು ಹಾಕಬೇಡಿ. ಬಾಯಿ ಮೊಳೆ ಹೊಡೆಸಿದ್ದು ಸರಿಯಾಗಿ ಅಂಥ ಗೋಡೆಗೇ. ಕಿತ್ತು ಅಡುಗೆಮನೆ ಕಡೆಯ ಗೋಡೆಗೆ ಹೊಡೆದೆ, ಆದರೆ ಒಗ್ಗರಣೆ ಹೊಗೆ ತಾಗದಷ್ಟು ದೂರ.

ವಾರ್ನಿಷ್ ಈಗ ಬೇಡ. ಕಡಿಮೆ ಅಂದರೂ ಆರು ತಿಂಗಳು ಬಣ್ಣ ಒಳಗಿಂದ ಒಣಗಬೇಕು. ಆರು ತಿಂಗಳು ಅಂದರೆ ಜೂನ್, ಜೂನ್ ಅಂದರೆ ಮಳೆ. ಹಾಗಾಗಿ ನವೆಂಬರ್‌ಗೆ ಅಂತ ಡಬ್ಬಿಯ ಮೇಲೆ ಬರೆದು ಇಟ್ಟಿದ್ದೇನೆ. ಮೊನ್ನೆ ಮೆಟ್ಟಿಲಲ್ಲಿ ಸಿಕ್ಕಾಗ ಬಾಯಿ ಕೇಳಿದರು, "ಅಷ್ಟರವರೆಗೆ ನಾನು ಇರ್ಬೇಕಲ್ಲ ಆಚಾರ್ರೇ?" ಬಿರುಕು ಬಿಟ್ಟ ಆ ಮೊದಲ ಕ್ಯಾನ್ವಾಸ್ ಕೂಡ ತಮಗೇ ಬೇಕಂತೆ, ಮಲಗುವ ಕೋಣೆಗೆ.